ಹಾಲಿನ ಕವರ್ ತೊಳೆದಿಟ್ಟರೆ ಸಾಕೇ? ಮೆತ್ತನೆ ಪ್ಲಾಸ್ಟಿಕ್ ಕೂಡಿಡುವವರಿಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ಬೆಂಗಳೂರು ದಕ್ಷಿಣದಲ್ಲಿರುವ 120 ಮನೆಗಳ ಅಪಾರ್ಟ್‌ಮೆಂಟು. ಹಸಿ ಕಸ, ಒಣ ಕಸ ಬೇರೆ ಮಾಡುವುದು ಎಲ್ಲರಿಗೂ ರೂಢಿಯಾಗಿದೆ. ಒಂದು ವರ್ಷದಿಂದ ನಾವು ಏಳೆಂಟು ಜನ ಹೆಂಗಸರು ಸೇರಿ ಹಾಲಿನ ಕವರ್, ಬ್ರೆಡ್ ಕವರ್, ಬಿಸ್ಕತ್ತಿನ ಪೊಟ್ಟಣ, ಚಿಪ್ಸ್ ಪ್ಯಾಕೆಟ್, ಆನ್‌ಲೈನ್ ಸಾಮಾನು ಬರುವ ಚೀಲ ಎಲ್ಲವನ್ನೂ ತೊಳೆದು ಒಣಗಿಸಿ ಬೇಸ್‌ಮೆಂಟಿನ ಡ್ರಮ್ಮಿನಲ್ಲಿ ಕೂಡಿಡುತ್ತಿದ್ದೇವೆ. ಗುಜರಿಯವರು ಬಾಟಲಿ, ರಟ್ಟು, ಪೇಪರ್ ಒಯ್ಯುತ್ತಾರೆ, ಈ ಡ್ರಮ್ಮನ್ನು ಮಾತ್ರ ಮುಟ್ಟುವುದಿಲ್ಲ. ‘ಇದು ಹೋಗಲ್ಲ ಅಮ್ಮಾ’ ಅನ್ನುತ್ತಾರೆ. ಅದನ್ನೆಲ್ಲ ನೀರಿನ ಬಾಟಲಿಯೊಳಗೆ ತುರುಕಿ ಇಟ್ಟಿಗೆ ಮಾಡೋಣ ಎಂದು ಮಕ್ಕಳು ಹೇಳುತ್ತಿದ್ದಾರೆ. 2019ರಲ್ಲಿ ಮೆಲ್ಬರ್ನ್‌ನ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಇಂಥ ಪ್ಲಾಸ್ಟಿಕ್ಕಿಗೆಂದೇ ಡಬ್ಬಿ ಇಟ್ಟಿದ್ದರು. ನಮ್ಮಲ್ಲಿ ಯಾಕೆ ಆಗುವುದಿಲ್ಲ? ನಮ್ಮ ಶ್ರಮವೆಲ್ಲ ವ್ಯರ್ಥವೇ?

ಉತ್ತರ: ವ್ಯರ್ಥವಲ್ಲ, ಅರ್ಧ ದಾರಿಯಲ್ಲಿ ನಿಂತಿದೆ ಅಷ್ಟೇ. ತೊಳೆದಿರಿ, ಒಣಗಿಸಿದಿರಿ, ಕೂಡಿಟ್ಟಿರಿ. ಅದನ್ನು ಒಯ್ಯುವವರು ಯಾರು ಎನ್ನುವುದನ್ನು ಕೊನೆಗೆ ಉಳಿಸಿಕೊಂಡಿರಿ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅದೇ. ಹದಿನೈದು ವರ್ಷದಿಂದ ಒಣ ಕಸದ ಕೇಂದ್ರಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ಮೆತ್ತನೆ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಸೋತ ಪ್ರಯತ್ನಗಳನ್ನು ಬೇಕಾದಷ್ಟು ನೋಡಿದ್ದೇನೆ. ಜನರಿಗೆ ಕಾಳಜಿ ಇಲ್ಲದೆ ಸೋತದ್ದು ಅವುಗಳಲ್ಲಿ ತೀರ ಕಡಿಮೆ. ಕೂಡಿಟ್ಟದ್ದಕ್ಕೆ ಮುಂದಿನ ಮನೆ ಇರಲಿಲ್ಲ, ಅದಕ್ಕೇ ಸೋತವು.

ಮೊದಲು ಗುಜರಿಯವರ ಮಾತನ್ನು ಅರ್ಥ ಮಾಡಿಕೊಳ್ಳೋಣ. ‘ಹೋಗಲ್ಲ’ ಎಂದರೆ ‘ನಾನು ಇದನ್ನು ಕೊಂಡರೆ ನನ್ನಿಂದ ಮುಂದೆ ಕೊಳ್ಳುವವರಿಲ್ಲ’ ಎಂದರ್ಥ. ಅವರ ಲೆಕ್ಕ ನಿಂತಿರುವುದು ತೂಕದ ಮೇಲೆ. ಅರ್ಧ ಲೀಟರ್ ಹಾಲಿನ ಕವರ್ ತೊಳೆದು ಒಣಗಿಸಿದರೆ ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಒಂದು ಕಿಲೋ ಆಗಬೇಕಾದರೆ 400 ಕವರ್ ಬೇಕು. ನಿಮ್ಮ 120 ಮನೆಗಳಲ್ಲಿ ದಿನಕ್ಕೆ ಎರಡೆರಡು ಕವರ್ ಎಂದುಕೊಂಡರೂ ದಿನಕ್ಕೆ 600 ಗ್ರಾಂ, ತಿಂಗಳಿಗೆ 18 ಕಿಲೋ. ಲೆಕ್ಕಕ್ಕೆಂದು ಕಿಲೋಗೆ 15 ರೂಪಾಯಿ ಹಿಡಿದರೆ ಸಿಗುವುದು 270 ರೂಪಾಯಿ. ಅದಕ್ಕಾಗಿ ಒಬ್ಬರು ಗಾಡಿ ತಂದು, ಬೇಸ್‌ಮೆಂಟಿಗಿಳಿದು, ಡ್ರಮ್ಮು ಬಗ್ಗಿಸಿ, ಅದರೊಳಗಿಂದ ಚಿಪ್ಸ್ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ಅಷ್ಟೇ ಹೊತ್ತಿನಲ್ಲಿ ರಟ್ಟು ಕಟ್ಟಿದರೆ ಅವರ ದಿನದ ಸಂಪಾದನೆ ಆಗಿಹೋಗುತ್ತದೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ಹೇಳಿದ್ದು ದಿಟ.

ಎರಡನೆಯದು, ನಿಮ್ಮ ಡ್ರಮ್ಮಿನಲ್ಲಿರುವುದು ಒಂದೇ ವಸ್ತುವಲ್ಲ. ನಾವು ‘ಕವರ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಕಡೇಪಕ್ಷ ನಾಲ್ಕು ಜಾತಿ ಇವೆ. ವಿಂಗಡಿಸುವ ಮೇಜಿನ ಮುಂದೆ ಅರ್ಧ ಗಂಟೆ ನಿಂತರೆ ಇದು ಗೊತ್ತಾಗುತ್ತದೆ. ನಾನು ಆಗಾಗ ಹೋಗುವ ಕೇಂದ್ರದಲ್ಲಿ ಒಬ್ಬ ಅಕ್ಕ ಇದ್ದಾರೆ, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ಬಂದ ಪ್ರತಿ ಕವರನ್ನೂ ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಸಣ್ಣಗೆ ಎಳೆಯುತ್ತಾರೆ. ರಬ್ಬರಿನಂತೆ ಹಿಗ್ಗಿ ಸದ್ದಿಲ್ಲದೆ ಬೆಳ್ಳಗಾದರೆ ಅದು ‘ಎಲ್‌ಡಿ’: ಹಾಲಿನ ಕವರ್, ಮೊಸರಿನ ಕವರ್, ಗುಳ್ಳೆ ಹಾಳೆ, ಕೊರಿಯರ್ ಚೀಲ ಈ ಜಾತಿಯವು. ಮುದುರಿದರೆ ಸರಸರ ಎನ್ನುವ ತೆಳು ಕೈಚೀಲ ‘ಎಚ್‌ಎಂ’. ಹಿಗ್ಗದೆ ಚರ್ರನೆ ಹರಿಯುವ, ಗಾಜಿನಂತೆ ಹೊಳೆಯುವ ಅಂಗಿಯ ಕವರ್, ಹೂವಿನ ಕವರ್ ‘ಪಿಪಿ’. ಮುಷ್ಟಿಯಲ್ಲಿ ಮುದುರಿ ಬಿಟ್ಟ ಮೇಲೂ ತಾನಾಗಿ ಅರಳಿಕೊಳ್ಳುವ, ಒಳಗೆ ಬೆಳ್ಳಿ ಬಣ್ಣ ಕಾಣುವ ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಕಾಫಿ ಪುಡಿಯ ಪೊಟ್ಟಣ ‘ಎಂಎಲ್‌ಪಿ’, ಅಂದರೆ ಬಹುಪದರದ ಪ್ಲಾಸ್ಟಿಕ್. ಆ ಅಕ್ಕನಿಗೆ ಎಷ್ಟೋ ಸಲ ಕಣ್ಣೂ ಬೇಕಾಗುವುದಿಲ್ಲ. ಸದ್ದು ಕೇಳಿಯೇ ಯಾವ ಚೀಲಕ್ಕೆ ಎಸೆಯಬೇಕೋ ಅದಕ್ಕೆ ಎಸೆಯುತ್ತಾರೆ. ಈ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ. ಆದರೆ ನಗರದ ಮೆತ್ತನೆ ಪ್ಲಾಸ್ಟಿಕ್ ಮರುಬಳಕೆ ನಿಂತಿರುವುದು ಇಂಥವರ ಹೆಬ್ಬೆರಳಿನ ಮೇಲೆ.

ಇಷ್ಟು ವಿಂಗಡಣೆ ಯಾಕೆ ಬೇಕು? ಮರುಬಳಕೆ ಎಂದರೆ ಕರಗಿಸಿ ಗುಳಿಗೆ ಮಾಡುವುದು. ಎಲ್‌ಡಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪಿಪಿಗೆ 160 ಬೇಕು. ಚಿಪ್ಸ್ ಪ್ಯಾಕೆಟ್ಟಿನಂಥವುಗಳಲ್ಲಿ ಇರಬಹುದಾದ ಪಾಲಿಯೆಸ್ಟರ್ ಪದರಕ್ಕೆ 250ರ ಆಸುಪಾಸು ಬೇಕು. ಅಲ್ಯೂಮಿನಿಯಂ ಆ ಶಾಖಕ್ಕೆ ಜಗ್ಗುವುದೇ ಇಲ್ಲ. ಎಲ್ಲವನ್ನೂ ಒಂದೇ ಯಂತ್ರಕ್ಕೆ ಸುರಿದರೆ ಒಂದು ಕರಗುವಷ್ಟರಲ್ಲಿ ಇನ್ನೊಂದು ಸುಟ್ಟಿರುತ್ತದೆ, ಮತ್ತೊಂದು ಜಾಲರಿಗೆ ಸಿಕ್ಕಿಕೊಂಡಿರುತ್ತದೆ. ಹೊರಬಂದ ಗುಳಿಗೆಯಲ್ಲಿ ಗಾಳಿಗುಳ್ಳೆ. ಅದರಿಂದ ಎಳೆದ ಪೈಪು ಮೊದಲ ಬೇಸಿಗೆಗೇ ಸೀಳುತ್ತದೆ. ಬರೀ ಹಾಲಿನ ಕವರ್ ಆದರೆ ಹಾಗಲ್ಲ. ತೊಳೆದು, ಚೂರು ಮಾಡಿ, ಕರಗಿಸಿ, ಕಸದ ಚೀಲವನ್ನೋ ನರ್ಸರಿ ಗಿಡದ ಕವರನ್ನೋ ತೋಟದ ಕಪ್ಪು ಪೈಪನ್ನೋ ಮಾಡುತ್ತಾರೆ. ಮೇಲಿನ ಅಚ್ಚಿನ ಬಣ್ಣದಿಂದಾಗಿ ಗುಳಿಗೆ ಮಾಸಲಾಗುತ್ತದೆ, ಅದಕ್ಕೇ ಈ ಸಾಮಾನುಗಳು ಸಾಮಾನ್ಯವಾಗಿ ಕಪ್ಪಗೋ ಬೂದು ಬಣ್ಣಕ್ಕೋ ಇರುತ್ತವೆ.

ಹಾಗಾಗಿ ನಿಮ್ಮ ಡ್ರಮ್ಮಿನಲ್ಲಿ ನಿಜವಾಗಿ ಬೆಲೆಬಾಳುವ ಮಾಲಿದೆ. ಅದು ಬೆಲೆಯಿಲ್ಲದ ಮಾಲಿನ ಜೊತೆ ಬೆರೆತು ಬೆಲೆ ಕಳೆದುಕೊಂಡಿದೆ. ಒಂದು ಡ್ರಮ್ಮಿನ ಜಾಗದಲ್ಲಿ ಮೂರು ಚೀಲ ತೂಗುಹಾಕಿದರೆ ಅರ್ಧ ಸಮಸ್ಯೆ ನಿಮ್ಮ ಬೇಸ್‌ಮೆಂಟಿನಲ್ಲೇ ಬಗೆಹರಿಯುತ್ತದೆ.

ಈಗ ಮೆಲ್ಬರ್ನ್‌ನ ಡಬ್ಬಿಗೆ ಬರೋಣ. ನೀವು ನೋಡಿದ್ದು ಬಹುಶಃ ‘ರೆಡ್‌ಸೈಕಲ್’ ಎಂಬ ಯೋಜನೆಯ ಡಬ್ಬಿ. ಕೋಲ್ಸ್, ವೂಲ್‌ವರ್ತ್ಸ್ ಎಂಬ ಅಲ್ಲಿನ ಎರಡು ದೊಡ್ಡ ಸೂಪರ್‌ಮಾರ್ಕೆಟ್ ಸರಪಳಿಗಳ ಅಂಗಡಿಗಳಲ್ಲಿ ಅದನ್ನು ಇಟ್ಟಿದ್ದರು. ಒಬ್ಬ ತಾಯಿಯ ಕಳಕಳಿಯಿಂದ ಸಣ್ಣದಾಗಿ ಶುರುವಾದ ಕೆಲಸ ದೇಶದ ತುಂಬ ಹರಡಿತು. ಜನ ನಿಮ್ಮಂತೆಯೇ ಪ್ಯಾಕೆಟ್ಟುಗಳನ್ನು ಉದುರಿಸಿ, ಮಡಿಚಿ, ಚೀಲದಲ್ಲಿ ತುಂಬಿ ವಾರವಾರ ತಂದು ಹಾಕುತ್ತಿದ್ದರು. 2022ರ ನವೆಂಬರ್‌ನಲ್ಲಿ ಅದು ಒಮ್ಮೆಗೇ ನಿಂತಿತು. ತಂದು ಹಾಕಿದ ಪ್ಲಾಸ್ಟಿಕ್ ತಿಂಗಳುಗಟ್ಟಲೆ ಗೋದಾಮುಗಳಲ್ಲಿ ಬಿದ್ದಿತ್ತು ಎಂಬುದು ಪತ್ರಿಕೆಗಳ ತನಿಖೆಯಿಂದ ಹೊರಬಿತ್ತು. ಕೊನೆಗೆ ಲೆಕ್ಕ ಹಾಕಿದಾಗ 11,000 ಟನ್‌ಗೂ ಹೆಚ್ಚು ಮಾಲು ಹತ್ತಾರು ಗೋದಾಮುಗಳಲ್ಲಿ ಪೇರಿಸಿಟ್ಟಿತ್ತು. ಅದನ್ನು ಕೊಳ್ಳುತ್ತಿದ್ದ ಘಟಕಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಕ್ಕೆ ಅದೇ ವರ್ಷ ಬೆಂಕಿ ಬಿದ್ದಿತ್ತು. ಜನ ತರುವುದು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು, ಕೊಳ್ಳುವವರು ಏರಲಿಲ್ಲ. 2024ರಲ್ಲಿ ಮೆಲ್ಬರ್ನ್‌ನ ಕೆಲವೇ ಅಂಗಡಿಗಳಲ್ಲಿ ಮತ್ತೆ ಡಬ್ಬಿ ಇಟ್ಟರು. ಈ ಸಲ ಮರುಬಳಕೆ ಘಟಕಗಳು ಎಷ್ಟು ತೆಗೆದುಕೊಳ್ಳಬಲ್ಲವು ಎಂದು ನೋಡಿಕೊಂಡೇ ಇಟ್ಟರು. ನಿಮ್ಮ ಮಗಳನ್ನು ಕೇಳಿ, ಆ ದಿನಗಳಲ್ಲಿ ಅಲ್ಲಿನವರಿಗೆ ಆದ ನೋವನ್ನು ಹೇಳಿಯಾರು. ವರ್ಷಗಟ್ಟಲೆ ಶ್ರದ್ಧೆಯಿಂದ ಕೂಡಿಸಿಕೊಟ್ಟದ್ದು ಗೋದಾಮಿನಲ್ಲಿತ್ತು ಎಂದು ಗೊತ್ತಾದಾಗ ಜನರ ನಂಬಿಕೆಯೇ ಅಲುಗಾಡಿಬಿಡುತ್ತದೆ. ಅದನ್ನು ಮತ್ತೆ ಗಳಿಸುವುದು ಕಷ್ಟ.

ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿ ಕವರ್ ಸಂಗ್ರಹ ಶುರು ಮಾಡಿದೆವು. ಒಬ್ಬರು ‘ಎಷ್ಟು ಬೇಕಾದರೂ ಕೊಡಿ, ಒಯ್ಯುತ್ತೇವೆ’ ಎಂದಿದ್ದರು, ಬಾಯಿಮಾತಿನಲ್ಲಿ. ಆರು ತಿಂಗಳು ಕೂಡಿಸಿದೆವು. ಖಾಲಿ ಸೈಟಿನ ಶೆಡ್ಡು ಸೂರಿನವರೆಗೂ ತುಂಬಿತು. ಅವರು ಬಂದು ಒಂದು ಚೀಲ ಬಿಚ್ಚಿ, ಕೈ ಹಾಕಿ, ಮೂಸಿ ನೋಡಿದರು. ಒಳಗಿನ ಕವರುಗಳಲ್ಲಿ ಹುಳಿ ಹಾಲಿನ ಪಸೆ, ಕೆಳಗೆ ಇಲಿ ಗೂಡು. ‘ಇದನ್ನ ಯಂತ್ರಕ್ಕೆ ಹಾಕಕ್ಕಾಗಲ್ಲ ಸಾರ್’ ಎಂದು ಹೊರಟುಹೋದರು. ಕೈಯಿಂದ ದುಡ್ಡು ಕೊಟ್ಟು ಅದನ್ನು ಸಾಗಿಸಬೇಕಾಯಿತು. ದಿನಾ ಬೆಳಿಗ್ಗೆ ಕವರ್ ತೊಳೆದು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ನಿಲ್ಲಿಸಿ ‘ಎಲ್ಲಾ ಹೋಯ್ತಾ ಮಗಾ?’ ಎಂದು ಕೇಳಿದರು. ‘ಹೋಯ್ತು ಅಜ್ಜಿ’ ಎಂದೆ. ಎಲ್ಲಿಗೆ ಹೋಯಿತು ಎಂದು ಹೇಳುವ ಧೈರ್ಯ ಬರಲಿಲ್ಲ. ಅಂದಿನಿಂದ ಕೊಳ್ಳುವವರ ಜೊತೆ ಮಾತು ಮುಗಿಯದೆ ಎಲ್ಲೂ ಡಬ್ಬಿ ಇಡಿಸಿಲ್ಲ.

ನಮ್ಮಲ್ಲಿ ಆಗುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಬೆಂಗಳೂರಿನಲ್ಲಿ ಈ ವಿಷಯದಲ್ಲಿ ಜನ ಮಾಡಿದಷ್ಟು ಕೆಲಸ ದೇಶದ ಹೆಚ್ಚು ನಗರಗಳಲ್ಲಿ ಆಗಿಲ್ಲ. 2012ರಲ್ಲಿ ಮಾವಳ್ಳಿಪುರದ ಗುಂಡಿ ಮುಚ್ಚಿ ಊರಿಡೀ ಕಸ ಬೀದಿಗೆ ಬಿದ್ದದ್ದು ನಿಮಗೆ ನೆನಪಿರಬಹುದು. ಆಮೇಲೆ ಮಂಡೂರಿನ ಜನ ಎದ್ದು ನಿಂತರು, 2014ರ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ನಮ್ಮ ಕಸವನ್ನು ಉಣ್ಣುತ್ತಿದ್ದವರು ಆ ಹಳ್ಳಿಗಳವರು. ಅವರ ಹೋರಾಟ ಇಲ್ಲದಿದ್ದರೆ ನಾವು ಇವತ್ತಿಗೂ ಹಸಿ ಒಣ ಎಂದು ಬೇರೆ ಮಾಡುತ್ತಿರಲಿಲ್ಲ. 2012ರಲ್ಲೇ ಹೈಕೋರ್ಟ್ ಮನೆಯಲ್ಲೇ ಕಸ ಬೇರ್ಪಡಿಸಬೇಕು, ವಾರ್ಡಿಗೊಂದು ಒಣ ಕಸ ಸಂಗ್ರಹ ಕೇಂದ್ರ ಇರಬೇಕು ಎಂದಿತು. 2015ರ ಡಿಸೆಂಬರ್‌ನಲ್ಲಿ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿ ಬಂತು. ಹಸಿರು ಡಬ್ಬಿ ಹಸಿ ಕಸಕ್ಕೆ, ಕೆಂಪು ಡಬ್ಬಿ ಡೈಪರ್‌ನಂಥ ತಿರಸ್ಕೃತ ಕಸಕ್ಕೆ, ಚೀಲ ಒಣ ಕಸಕ್ಕೆ. ಇದನ್ನು ಮನೆಮನೆಗೆ ಮುಟ್ಟಿಸಿದ್ದು ಘನತ್ಯಾಜ್ಯ ನಿರ್ವಹಣಾ ದುಂಡುಮೇಜಿನಂಥ ನಾಗರಿಕ ಗುಂಪುಗಳು. ಅವರಲ್ಲಿ ಬಹುಪಾಲು ನಿಮ್ಮಂಥ ಗೃಹಿಣಿಯರು, ಕೆಲಸ ಮುಗಿಸಿ ಸಂಜೆ ಬಿಡುವು ಮಾಡಿಕೊಂಡು ಬಂದವರು. ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ಚಿಂದಿ ಆಯುವವರು ಗುರುತಿನ ಚೀಟಿ ಪಡೆದರು, ವಾರ್ಡಿನ ಕೇಂದ್ರಗಳನ್ನು ತಾವೇ ನಡೆಸುವ ಹಂತಕ್ಕೆ ಬಂದರು. ನಿಮ್ಮ ಡ್ರಮ್ಮಿಗೆ ಮುಂದಿನ ಮನೆ ಅದೇ: ನಿಮ್ಮ ವಾರ್ಡಿನ ಒಣ ಕಸ ಕೇಂದ್ರ. ಗುಜರಿ ಅಂಗಡಿಯಲ್ಲ.

ಗುಜರಿ ಅಂಗಡಿಗೂ ಕೇಂದ್ರಕ್ಕೂ ಇರುವ ವ್ಯತ್ಯಾಸ ಇಷ್ಟು. ಅಂಗಡಿಯವರು ಬೆಲೆಯಿರುವುದನ್ನು ಮಾತ್ರ ಕೊಳ್ಳುತ್ತಾರೆ. ಕೇಂದ್ರ ಎಲ್ಲವನ್ನೂ ಒಪ್ಪಿಕೊಂಡು, ಹತ್ತಾರು ಬೀದಿಗಳ ಮಾಲು ಕೂಡಿಸಿ, ವಿಂಗಡಿಸಿ, ಬೇಲ್ ಕಟ್ಟಿ ಕಳಿಸುತ್ತದೆ. ನಿಮ್ಮ 18 ಕಿಲೋ ಅಂಗಡಿಯವರಿಗೆ ಭಾರ. ಕೇಂದ್ರದಲ್ಲಿ ಅದು ಮೂವತ್ತು ಅಪಾರ್ಟ್‌ಮೆಂಟುಗಳ 18 ಕಿಲೋ ಜೊತೆ ಸೇರಿದರೆ ಅರ್ಧ ಟನ್ ದಾಟುತ್ತದೆ. ಆಗ ಗುಳಿಗೆ ಘಟಕದವರು ತಾವೇ ಗಾಡಿ ಕಳಿಸುತ್ತಾರೆ.

ಇದು ಬೆಂಗಳೂರಿನ ಮಾತು ಮಾತ್ರವಲ್ಲ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸಬಲ್ಲ ಘಟಕವಿದೆ. ಸುತ್ತಿನ ಹತ್ತಾರು ಗ್ರಾಮ ಪಂಚಾಯಿತಿಗಳ ಕಸ ಅಲ್ಲಿಗೆ ಹೋಗುತ್ತದೆ. ಒಂದು ಪಂಚಾಯಿತಿ ತಾನೊಂದೇ ಕವರ್ ಮಾರಲು ಹೊರಟರೆ ಸಾಗಣೆಯ ಖರ್ಚೂ ಹುಟ್ಟುವುದಿಲ್ಲ. ಕೂಡಿದರೆ ಹುಟ್ಟುತ್ತದೆ. ಹನಿಗೂಡಿದರೆ ಹಳ್ಳ ಎನ್ನುವುದು ಮೆತ್ತನೆ ಪ್ಲಾಸ್ಟಿಕ್ಕಿನಲ್ಲಿ ತಕ್ಕಡಿಯ ಲೆಕ್ಕ.

ಕೇಂದ್ರದಿಂದ ಮುಂದೆ ಏನಾಗುತ್ತದೆ ಎನ್ನುವುದನ್ನೂ ನೀವು ತಿಳಿದಿರಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ ‘ಎಲ್ಲ ಸುಟ್ಟುಬಿಡ್ತಾರಂತೆ’ ಎಂದಾಗ ಉತ್ತರ ಇರುವುದಿಲ್ಲ. ಎಲ್‌ಡಿ ಮತ್ತು ಎಚ್‌ಎಂ ಗುಳಿಗೆಯಾಗುತ್ತದೆ. ಶುದ್ಧವಾಗಿದ್ದರೆ ಪಿಪಿಯೂ ಆಗುತ್ತದೆ. ಎಂಎಲ್‌ಪಿಗೆ ಸದ್ಯ ಇರುವುದು ಎರಡು ಮುಖ್ಯ ದಾರಿ. ಒಂದು ರಸ್ತೆ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು 2000ದ ದಶಕದ ಆರಂಭದಲ್ಲೇ ತ್ಯಾಜ್ಯ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ನಗರದ ರಸ್ತೆಗಳಿಗೆ ಹಾಕಿಸಿದರು. ಮದುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ಇದೇ ವಿಷಯದಲ್ಲಿ ಮಾಡಿದ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಸುಮಾರು 170 ಡಿಗ್ರಿಗೆ ಕಾಯಿಸಿದ ಜಲ್ಲಿಯ ಮೇಲೆ ಉದುರಿಸುತ್ತಾರೆ. ಅದು ಜಲ್ಲಿಗೆ ಹಚ್ಚಿಕೊಂಡ ಮೇಲೆ ಡಾಂಬರು ಸುರಿಯುತ್ತಾರೆ. ಡಾಂಬರಿನ ತೂಕದ ನೂರಕ್ಕೆ ಆರರಿಂದ ಎಂಟು ಪಾಲು ಪ್ಲಾಸ್ಟಿಕ್ ಹಿಡಿಯುತ್ತದೆ. ಪಿವಿಸಿ ಮಾತ್ರ ಸೇರಬಾರದು, ಕಾದಾಗ ಅದರಿಂದ ವಿಷಾನಿಲ ಬರುತ್ತದೆ. ಇನ್ನೊಂದು ದಾರಿ ಸಿಮೆಂಟ್ ಕಾರ್ಖಾನೆಯ ಗೂಡು. 1,400 ಡಿಗ್ರಿ ದಾಟುವ ಆ ಬೆಂಕಿಯಲ್ಲಿ ಕಲ್ಲಿದ್ದಲಿನ ಒಂದು ಪಾಲಿನ ಬದಲಿಗೆ ಇದನ್ನು ಉರಿಸುತ್ತಾರೆ. ನಮ್ಮ ರಾಜ್ಯದಲ್ಲಿ ಸಿಮೆಂಟ್ ಎಂದರೆ ಮುಖ್ಯವಾಗಿ ಕಲಬುರಗಿ ಕಡೆ. ಬೆಂಗಳೂರಿನಿಂದ ಸುಮಾರು 600 ಕಿಲೋಮೀಟರ್. ಆ ಲಾರಿ ಬಾಡಿಗೆ ಯಾರು ಕೊಡಬೇಕು ಎನ್ನುವುದೇ ಎಂಎಲ್‌ಪಿಯ ಕಥೆ.

ಇವೆರಡನ್ನೂ ನಾನು ಮರುಬಳಕೆ ಎಂದು ಕರೆಯುವುದಿಲ್ಲ. ರಸ್ತೆಗೆ ಹೋದದ್ದು ಮತ್ತೆ ಕೈಗೆ ಬರುವುದಿಲ್ಲ, ಅದು ಸವೆದಾಗ ಕಣಗಳು ಎಲ್ಲಿ ಸೇರುತ್ತವೆ ಎನ್ನುವ ಚಿಂತೆ ನನಗಿದೆ. ಗೂಡಿಗೆ ಹೋದದ್ದು ಉರಿದುಹೋಯಿತು. ಆದರೂ ಬೀದಿ ಮೂಲೆಯಲ್ಲಿ ಚಳಿ ಕಾಯಿಸಲು ಹಚ್ಚುವ ಬೆಂಕಿಗಿಂತ, ಹಸುವಿನ ಹೊಟ್ಟೆಗಿಂತ, ರಾಜಕಾಲುವೆಗಿಂತ ಇವು ಎಷ್ಟೋ ವಾಸಿ. ನಿಮ್ಮ ಗುಂಪಿನವರಿಗೂ ಹೀಗೇ ಹೇಳಿ. ಹಾಲಿನ ಕವರ್ ಮರುಬಳಕೆಯಾಗುತ್ತದೆ, ಚಿಪ್ಸ್ ಪ್ಯಾಕೆಟ್ ಸುರಕ್ಷಿತ ಜಾಗಕ್ಕೆ ಹೋಗುತ್ತದೆ. ಎರಡನ್ನೂ ಒಂದೇ ಎಂದು ಹೇಳಿ ಸಮಾಧಾನ ಪಡಿಸಬೇಡಿ. ಸತ್ಯ ಗೊತ್ತಿದ್ದವರು ಚಿಪ್ಸ್ ಪ್ಯಾಕೆಟ್ ಕೊಳ್ಳುವಾಗಲೇ ಒಂದು ಕ್ಷಣ ಯೋಚಿಸುತ್ತಾರೆ.

ಮಕ್ಕಳ ಬಾಟಲಿ ಇಟ್ಟಿಗೆಯ ಬಗ್ಗೆ: ಅವರ ಹುರುಪನ್ನು ಮುರಿಯಬೇಡಿ, ಆದರೆ ಬಾಟಲಿ ಕೊಡಬೇಡಿ. ನೀರಿನ ಬಾಟಲಿ ಮರುಬಳಕೆಯಲ್ಲಿ ಒಳ್ಳೆಯ ಬೆಲೆ ಇರುವ ಮಾಲು. ಅದರೊಳಗೆ ಕವರ್ ತುರುಕಿದರೆ ಬಾಟಲಿಯೂ ಹೋಯಿತು, ಕವರೂ ಹೋಯಿತು. ಎರಡು ವರ್ಷ ಬಿಸಿಲು ಕಂಡು ಬಾಟಲಿ ಒಡೆದಾಗ ಒಳಗಿನದೆಲ್ಲ ಗಾಳಿಗೆ. ಅದರ ಬದಲು ಮಕ್ಕಳಿಗೆ ಎಳೆದು ನೋಡುವ, ಮುದುರಿ ನೋಡುವ ಆಟ ಕಲಿಸಿ. ಹತ್ತು ವರ್ಷದ ಮಗು ಎರಡು ದಿನದಲ್ಲಿ ನಾಲ್ಕೂ ಜಾತಿ ಗುರುತಿಸುತ್ತದೆ. ಮನೆಯ ದೊಡ್ಡವರನ್ನು ತಿದ್ದುವುದೂ ಅದೇ ಮಗು.

ಇನ್ನು ನಿಮ್ಮ ಕಟ್ಟಡದಲ್ಲಿ ಏನು ಮಾಡಬಹುದು ಎನ್ನುವುದು. ನಿಮ್ಮಲ್ಲಿ ಇಬ್ಬರು ಡ್ರಮ್ಮಿನಿಂದ ಒಂದು ಚೀಲ ಮಾಲು ತೆಗೆದುಕೊಂಡು ವಾರ್ಡಿನ ಕೇಂದ್ರಕ್ಕೆ ಹೋಗಿ, ಮಧ್ಯಾಹ್ನದ ಹೊತ್ತಿಗೆ. ಬೆಳಿಗ್ಗೆ ಗಾಡಿಗಳು ಬರುತ್ತಿರುತ್ತವೆ, ಯಾರಿಗೂ ಪುರಸೊತ್ತಿರುವುದಿಲ್ಲ. ಮೇಜಿನ ಮೇಲೆ ಸುರಿದು, ವಿಂಗಡಿಸುವವರನ್ನೇ ಕೇಳಿ: ಇದರಲ್ಲಿ ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ, ಯಾವುದನ್ನು ಹೇಗೆ ಕೊಟ್ಟರೆ ನಿಮಗೆ ಕೆಲಸ ಹಗುರ? ಅವರ ಉತ್ತರವೇ ನಿಮ್ಮ ನಿಯಮ. ಕೆಲವು ಕೇಂದ್ರಗಳಿಗೆ ಪಿಪಿ ಕೊಳ್ಳುವವರಿದ್ದಾರೆ, ಕೆಲವಕ್ಕೆ ಇಲ್ಲ. ನಾನು ಇಲ್ಲಿ ಕುಳಿತು ಬರೆದದ್ದಕ್ಕಿಂತ ಅವರ ಮಾತು ನಿಮ್ಮ ವಾರ್ಡಿಗೆ ಸರಿಯಾಗಿರುತ್ತದೆ.

ಬಂದು ಮೂರು ಚೀಲ ತೂಗುಹಾಕಿ. ಒಂದು, ಹಾಲು ಮೊಸರಿನ ಕವರ್ ಮಾತ್ರ. ಎರಡು, ಹಿಗ್ಗುವ ಉಳಿದೆಲ್ಲ ಕವರ್: ಕೊರಿಯರ್ ಚೀಲ, ಗುಳ್ಳೆ ಹಾಳೆ, ಟಿಶ್ಯೂ ಕಟ್ಟಿನ ಹೊದಿಕೆ. ಕೊರಿಯರ್ ಚೀಲದ ಮೇಲಿನ ವಿಳಾಸದ ಕಾಗದ ಅಂಟಿರುವ ಭಾಗವನ್ನು ಕತ್ತರಿಸಿ ತೆಗೆಯಬೇಕು, ಅಂಟು ಮತ್ತು ಕಾಗದ ಗುಳಿಗೆಯನ್ನು ಕೆಡಿಸುತ್ತವೆ. ನಿಮ್ಮ ವಿಳಾಸವೂ ಬೇರೆಯವರ ಕೈಗೆ ಹೋಗುವುದಿಲ್ಲ. ಮೂರು, ಬೆಳ್ಳಿ ಒಳಮೈಯ ಮತ್ತು ಚರ್ರನೆ ಹರಿಯುವ ಪ್ಯಾಕೆಟ್ಟುಗಳು. ‘ಗೊಬ್ಬರವಾಗುವ ಚೀಲ’ ಎಂದು ಬರೆದಿರುವುದು ಈ ಮೂರರಲ್ಲಿ ಯಾವುದಕ್ಕೂ ಬೇಡ. ನೋಡಲು ಕವರಿನಂತೆಯೇ ಇರುತ್ತದೆ, ಎಲ್‌ಡಿ ಜೊತೆ ಬೆರೆತರೆ ಗುಳಿಗೆಯ ಗುಣ ಹಾಳು.

ತೊಳೆಯುವುದರ ಬಗ್ಗೆ ಒಂದು ಮಾತು. ಹಾಲಿನ ಕವರಿಗೆ ಸೋಪು ಬೇಡ, ನಲ್ಲಿ ಬಿಟ್ಟುಕೊಂಡು ತೊಳೆಯುವುದೂ ಬೇಡ. ಹಾಲು ಪಾತ್ರೆಗೆ ಸುರಿದ ಕೂಡಲೇ ಅದೇ ಕವರಿಗೆ ಅರ್ಧ ಲೋಟ ನೀರು ಹಾಕಿ ಕುಲುಕಿ. ಆ ನೀರು ಗಿಡಕ್ಕೋ ಹಾಲಿನ ಪಾತ್ರೆಗೋ ಹೋಗಲಿ, ನಮ್ಮ ಅಮ್ಮಂದಿರು ಮಾಡುತ್ತಿದ್ದದ್ದೂ ಅದೇ. ಸಂಜೆಯವರೆಗೆ ಬಿಟ್ಟರೆ ಹಾಲು ಒಣಗಿ ಹಿಡಿಯುತ್ತದೆ, ಆಗ ಮೂರು ಪಟ್ಟು ನೀರು ಬೇಕು. ಆಮೇಲೆ ತಲೆಕೆಳಗಾಗಿ ಕ್ಲಿಪ್ಪಿಗೆ ಸಿಕ್ಕಿಸಿ. ಒಳಗೆ ನಾಲ್ಕು ಹನಿ ಉಳಿದರೂ ಕಟ್ಟಿದ ಚೀಲದಲ್ಲಿ ಮೂರು ದಿನಕ್ಕೆ ನಾತ ಬರುತ್ತದೆ. ಆ ನಾತದ ಮುಂದೆ ಇಡೀ ದಿನ ಕೂರುವುದು ಆ ಅಕ್ಕ. ಕೊಳ್ಳುವವರು ಒದ್ದೆ ಮಾಲಿಗೆ ತೂಕವನ್ನೂ ಕಡಿಯುತ್ತಾರೆ. ಎಣ್ಣೆ ಪ್ಯಾಕೆಟ್ ಆದರೆ ಮೇಲಿನ ಅಂಚನ್ನು ಉದ್ದಕ್ಕೆ ಕತ್ತರಿಸಿ, ಬೋರಲು ಹಾಕಿ ಸೋರಿಸಿ, ಹಳೆಯ ಕಾಗದದಲ್ಲಿ ಒರೆಸಿದರೆ ಸಾಕು. ಸಾರು, ಗೊಜ್ಜು ಅಂಟಿದ ಪಾರ್ಸೆಲ್ ಕವರ್ ತೊಳೆಯಲು ಬಕೆಟ್ ನೀರು ಸುರಿಯುವುದು ನ್ಯಾಯವಲ್ಲ, ಬೆಂಗಳೂರಿನ ಬೇಸಿಗೆಯಲ್ಲಂತೂ ಅಲ್ಲ. ಪಾತ್ರೆ ತೊಳೆದ ನೀರಿನಲ್ಲಿ ಅದ್ದಿದರೆ ಹೋಗುವಷ್ಟು ಹೋಗಲಿ. ಹೋಗದಿದ್ದರೆ ಅದನ್ನು ಬಿಡಿ, ಮುಂದಿನ ಸಲ ಹೋಟೆಲಿಗೆ ಡಬ್ಬಿ ಒಯ್ಯಿರಿ.

ಕವರಿನ ಮೂಲೆಯನ್ನು ಮರೆಯಬೇಡಿ. ಹಾಲಿನ ಕವರ್ ಕತ್ತರಿಸುವಾಗ ಮೂಲೆ ಪೂರ್ತಿ ಕಡಿದು ಬೀಳುತ್ತದಲ್ಲ, ಉಗುರಿನಗಲದ ಆ ತುಣುಕನ್ನು ಯಾವ ಕೈಯೂ ಆರಿಸುವುದಿಲ್ಲ. ಅದು ಸಿಂಕಿನಿಂದ ಚರಂಡಿಗೆ, ಇಲ್ಲವೇ ಹಸಿ ಕಸದ ಜೊತೆ ಗೊಬ್ಬರಕ್ಕೆ ಹೋಗುತ್ತದೆ. ಗೊಬ್ಬರ ಜರಡಿ ಹಿಡಿಯುವ ಜಾಗದಲ್ಲಿ ನೋಡಿ, ನೀಲಿ ಬಿಳಿ ಮೂಲೆಗಳು ಹಿಡಿಹಿಡಿಯಾಗಿ ಸಿಗುತ್ತವೆ. ಕತ್ತರಿಯನ್ನು ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಮೂಲೆ ಕವರಿಗೇ ಅಂಟಿಕೊಂಡಿರಲಿ. 120 ಮನೆಯವರಿಗೂ ಇದೊಂದನ್ನು ಹೇಳಿಕೊಟ್ಟರೆ ದಿನಕ್ಕೆ 240 ತುಣುಕು ಮಣ್ಣಿಗೆ ಹೋಗುವುದು ತಪ್ಪುತ್ತದೆ.

ಈಗ ದುಡ್ಡು. ಇದನ್ನು ನೇರವಾಗಿ ಹೇಳಿಬಿಡುತ್ತೇನೆ: ಮೂರನೆಯ ಚೀಲ ಯಾರಿಗೂ ಲಾಭವಲ್ಲ. ಅದನ್ನು ವಿಂಗಡಿಸುವ ಕೂಲಿ, ಬೇಲ್ ಕಟ್ಟುವ ಕೂಲಿ, ಲಾರಿ ಬಾಡಿಗೆ ಇಷ್ಟನ್ನೂ ಕೇಂದ್ರ ನಡೆಸುವವರು ತಮ್ಮ ಬಾಟಲಿ ರಟ್ಟಿನ ಸಂಪಾದನೆಯಿಂದ ತೂಗಿಸುತ್ತಾರೆ. ಆ ಬಾಟಲಿ ರಟ್ಟನ್ನು ನೀವು ಗುಜರಿಗೆ ಮಾರಿ, ಬೆಲೆಯಿಲ್ಲದ್ದನ್ನು ಮಾತ್ರ ಕೇಂದ್ರಕ್ಕೆ ಕೊಟ್ಟರೆ ಅವರು ಹೇಗೆ ಬದುಕಬೇಕು? ಒಳ್ಳೆಯದನ್ನೂ ಅವರಿಗೇ ಕೊಡಿ. ಅಥವಾ ಮನೆಗೆ ತಿಂಗಳಿಗೆ 10 ರೂಪಾಯಿ ಎತ್ತಿ. 120 ಮನೆಗೆ 1,200 ರೂಪಾಯಿ ಆಗುತ್ತದೆ. ಅದನ್ನು ಮೂರನೆಯ ಚೀಲದ ವಿಂಗಡಣೆ ಕೂಲಿ ಎಂದು ರಸೀದಿ ಪಡೆದು ಕೊಡಿ. ಸಂಘದ ಸಭೆಯಲ್ಲಿ ‘ಕಸ ಕೊಟ್ಟು ದುಡ್ಡೂ ಕೊಡಬೇಕಾ?’ ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ಅವರನ್ನು ಒಮ್ಮೆ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ವಾದ ಮಾಡುವ ಅಗತ್ಯ ಬೀಳುವುದಿಲ್ಲ.

ನಿಜವಾಗಿ ಈ ದುಡ್ಡು ಕೊಡಬೇಕಾದವರು ಪ್ಯಾಕೆಟ್ ಮಾಡಿ ಮಾರಿದವರು. ಕಾನೂನೂ ಅದನ್ನೇ ಹೇಳುತ್ತದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ, ಅದಕ್ಕೆ 2022ರ ಫೆಬ್ರುವರಿಯಲ್ಲಿ ಸೇರಿದ ಮಾರ್ಗಸೂಚಿ ಪ್ರಕಾರ ಕಂಪನಿಗಳು ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ವಿಲೇವಾರಿಗೆ ತಾವೇ ಹೊಣೆ. ಅದರಲ್ಲಿ ಮೆತ್ತನೆ ಪ್ಲಾಸ್ಟಿಕ್ಕಿಗೆ, ಬಹುಪದರದ್ದಕ್ಕೆ ಬೇರೆ ಬೇರೆ ವರ್ಗ ಇದೆ. 2024–25ರಲ್ಲಿ ಅದರ ಕನಿಷ್ಠ ನೂರಕ್ಕೆ 30 ಪಾಲು ಮರುಬಳಕೆಯಾಗಬೇಕು, ವರ್ಷಕ್ಕೆ ಹತ್ತು ಹತ್ತು ಏರಿ 2027–28ಕ್ಕೆ 60 ಆಗಬೇಕು. ಕಂಪನಿಗಳು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಲೆಕ್ಕ ತೋರಿಸುತ್ತವೆ. ಇದರಲ್ಲಿ ಮೋಸ ನಡೆದಿರುವುದೂ ನಿಜ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಶೀಲನೆಯಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಕಾಗದದ ಮೇಲೆ ಮರುಬಳಕೆಯಾದ ಪ್ಲಾಸ್ಟಿಕ್ ನಿಮ್ಮ ಬೇಸ್‌ಮೆಂಟಿನಲ್ಲೇ ಬಿದ್ದಿರಬಹುದು ಎಂದಾಯಿತು. ಅದಕ್ಕೇ ನಿಮ್ಮಂಥವರ ತೂಕದ ಪುಸ್ತಕಕ್ಕೆ ಬೆಲೆ ಇದೆ. ಯಾವ ತಿಂಗಳು ಯಾವ ಚೀಲ ಎಷ್ಟು ಕಿಲೋ ಹೋಯಿತು, ಯಾರು ಒಯ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರನೆಯ ಚೀಲದಲ್ಲಿ ಯಾವ ಕಂಪನಿಯ ಪ್ಯಾಕೆಟ್ ಎಷ್ಟು ಎಂದು ತಿಂಗಳಿಗೊಮ್ಮೆ ಮಕ್ಕಳು ಎಣಿಸಲಿ. ಆರು ತಿಂಗಳ ಎಣಿಕೆಯೊಂದಿಗೆ ಆ ಕಂಪನಿಗಳಿಗೆ ಪತ್ರ ಬರೆದು, ನಿಮ್ಮ ವಾರ್ಡಿನ ಕೇಂದ್ರಕ್ಕೆ ನೀವು ಎಷ್ಟು ಕೊಡುತ್ತಿದ್ದೀರಿ ಎಂದು ಕೇಳಿ. ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹಾಕಿ. ಒಂದು ಅಪಾರ್ಟ್‌ಮೆಂಟಿನ ಪತ್ರಕ್ಕೆ ಉತ್ತರ ಬರದಿರಬಹುದು, ಅಕ್ಕಪಕ್ಕದ ಹತ್ತು ಅಪಾರ್ಟ್‌ಮೆಂಟಿನವರನ್ನು ಸೇರಿಸಿಕೊಳ್ಳಿ.

ಈಗಾಗಲೇ ಡ್ರಮ್ಮಿನಲ್ಲಿ ಕೂಡಿರುವುದನ್ನು ಒಮ್ಮೆಗೇ ಕೇಂದ್ರಕ್ಕೆ ಸುರಿಯಬೇಡಿ, ಅವರಿಗೆ ಜಾಗದ ಕೊರತೆ. ಎರಡು ಭಾನುವಾರ ಎಲ್ಲರೂ ಕುಳಿತು ಮೂರು ಪಾಲು ಮಾಡಿ, ನಾತ ಹಿಡಿದದ್ದನ್ನು ಪಕ್ಕಕ್ಕಿಟ್ಟು, ವಾರಕ್ಕೆ ಎರಡು ಚೀಲದಂತೆ ಕಳಿಸಿ. ಹಳೆಯ ಡ್ರಮ್ಮನ್ನು ತೊಳೆದು ಒಣ ಎಲೆ ಗೊಬ್ಬರಕ್ಕೆ ಬಳಸಿಕೊಳ್ಳಿ, ಅದು ಅಲ್ಲಿದ್ದರೆ ಜನ ಮತ್ತೆ ಎಲ್ಲವನ್ನೂ ಅದಕ್ಕೇ ಹಾಕುತ್ತಾರೆ. ಮೂರು ತಿಂಗಳಾದ ಮೇಲೆ ಮೂರೂ ಚೀಲಗಳ ತೂಕ ಬರೆದು ನನಗೆ ಕಳಿಸಿ. ಎರಡನೆಯ ಚೀಲ ಮೊದಲನೆಯದಕ್ಕಿಂತ ಭಾರವಾಗಿದ್ದರೆ ನಿಮ್ಮ ಕಟ್ಟಡಕ್ಕೆ ಬರುವ ಕೊರಿಯರ್‌ಗಳ ಬಗ್ಗೆ ಬೇರೆಯೇ ಮಾತಾಡಬೇಕಾಗುತ್ತದೆ.